ಮೂವರು ನಾಟ್ಯಗುರುಗಳು, ಮೂರು ಬಗೆಯ ಹಿನ್ನೆಲೆ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಭರತನಾಟ್ಯ ಶಾಲೆಯ ಫಲಕವೊಂದು ಕಣ್ಣಿಗೆ ಬೀಳುತ್ತದೆ. ಒಳಗೆ ಹೋಗಿ ಪರಿಚಯಪತ್ರ ಕೇಳಿದರೆ ಗುರುಗಳ ಹೆಸರಿಗೆ ‘ವಿದುಷಿ’ ಎಂಬ ವಿಶೇಷಣ, ಅದರ ಕೆಳಗೆ ಪ್ರಶಸ್ತಿಗಳ ಪಟ್ಟಿ, ದೇಶ ವಿದೇಶಗಳಲ್ಲಿ ನೀಡಿದ ಕಾರ್ಯಕ್ರಮಗಳ ವಿವರ ಇರುತ್ತವೆ. ಇಷ್ಟನ್ನು ಓದಿ ಒಬ್ಬ ಗುರುವಿಗೂ ಮತ್ತೊಬ್ಬರಿಗೂ ಇರುವ ವ್ಯತ್ಯಾಸವನ್ನು ಅಳೆಯಲಾಗದು. ಬೇರೆ ಬೇರೆ ಹಿನ್ನೆಲೆಯ ಮೂವರು ಗುರುಗಳ ಬಳಿ ಒಬ್ಬರಾದ ಮೇಲೆ ಒಬ್ಬರಂತೆ ಕಲಿತ ನಾನು, ಅವರು ಎಲ್ಲಿ ಕಲಿತರು, ಯಾವ ಕೆಲಸ ಮಾಡಿ ಬದುಕಿದರು ಎಂಬುದು ಅವರ ಪಾಠದ ಮೇಲೆ ಹೇಗೆ ಪರಿಣಾಮ ಬೀರಿತೆಂಬುದನ್ನು ಇಲ್ಲಿ ಹೋಲಿಸಿ ನೋಡುತ್ತಿದ್ದೇನೆ.

ಮೊದಲನೆಯವರು ಚೆನ್ನೈನ ಕಲಾಕ್ಷೇತ್ರದಲ್ಲಿ ನಾಲ್ಕು ವರ್ಷಗಳ ಡಿಪ್ಲೊಮಾ ಮುಗಿಸಿ, ಕೆಲಕಾಲ ನೃತ್ಯನಾಟಕಗಳಲ್ಲಿ ಸಮೂಹ ನರ್ತಕಿಯಾಗಿದ್ದು, ಮದುವೆಯಾದ ಮೇಲೆ ಬೆಂಗಳೂರಿಗೆ ಬಂದು ಶಾಲೆ ತೆರೆದವರು. ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತ ರುಕ್ಮಿಣೀದೇವಿ ಅರುಂಡೇಲ್ 1936ರಲ್ಲಿ ಸ್ಥಾಪಿಸಿದ ಆ ಸಂಸ್ಥೆಯ ಶಿಸ್ತು ಇವರ ತರಗತಿಯ ಮೂಲೆಮೂಲೆಯಲ್ಲೂ ಕಾಣುತ್ತಿತ್ತು. ಅಡವುಗಳೆಂಬ ಮೂಲ ಹೆಜ್ಜೆಗಳಲ್ಲಿ ಮೊದಲನೆಯದಾದ ತಟ್ಟಡವು ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ಸ್ಪಷ್ಟವಾಗುವವರೆಗೆ ಮುಂದಿನ ನಾಟ್ಟಡವಿನ ಮಾತೇ ಎತ್ತುವಂತಿರಲಿಲ್ಲ. ಮೊಣಕಾಲುಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕೂರುವ ಅರಮಂಡಿಯಲ್ಲಿ ಕುಳಿತ ವಿದ್ಯಾರ್ಥಿನಿಯ ಹಿಂದೆ ನಿಂತು, ಬೆನ್ನು ಮುಂದಕ್ಕೆ ಬಾಗಿದ್ದರೆ ತಾಳ ತಟ್ಟುವ ಕೋಲನ್ನು ಬೆನ್ನಿಗೆ ನೇರವಾಗಿ ಆನಿಸಿ ತೋರಿಸುತ್ತಿದ್ದರೇ ಹೊರತು ಬಾಯಿಮಾತಿನಲ್ಲಿ ಹೇಳುತ್ತಿದ್ದುದು ಕಡಿಮೆ. ಸಮೂಹದಲ್ಲಿ ಕುಣಿದು ಬಂದವರಾದ್ದರಿಂದ ಹತ್ತು ಮಕ್ಕಳ ಕೈ ಒಂದೇ ಎತ್ತರಕ್ಕೆ ಏಳಬೇಕೆಂಬುದು ಅವರಿಗೆ ಮುಖ್ಯವಾಗಿತ್ತು. ಒಂದು ಮಗು ಬೇರೆಯಾಗಿ ಕಾಣುವುದು ಅವರ ಕಣ್ಣಿಗೆ ತಪ್ಪಾಗಿಯೇ ತೋರುತ್ತಿತ್ತು.

ಎರಡನೆಯವರದು ಮೈಸೂರು ಬಾನಿ, ಅಂದರೆ ಮೈಸೂರು ಶೈಲಿಯ ಪರಂಪರೆ. ಅರಮನೆಯ ಆಸ್ಥಾನ ನರ್ತಕಿ ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ, ಅವರಿಂದ ಮುಂದಿನ ಪೀಳಿಗೆ ಎಂಬ ಸಾಲಿನಲ್ಲಿ ಇವರು ಬರುತ್ತಾರೆ. ಲಂಬಾಣಿ ಕುಟುಂಬದಲ್ಲಿ ಹುಟ್ಟಿ ಆಸ್ಥಾನ ವಿದುಷಿಯಾದ ವೆಂಕಟಲಕ್ಷಮ್ಮನವರು ಆಸ್ಥಾನದ ಕಾಲ ಮುಗಿದ ಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಬೋಧಿಸಿದರು. 1992ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಗುರುವಿನ ಮನೆಯಲ್ಲಿದ್ದು ಕಲಿಯುವ ಪದ್ಧತಿಯಿಂದ ವಿಶ್ವವಿದ್ಯಾನಿಲಯದ ತರಗತಿಗೆ ಒಂದು ಕಲೆ ದಾಟಿದ್ದು ಅವರೊಬ್ಬರ ಜೀವಿತಕಾಲದಲ್ಲೇ ನಡೆಯಿತೆಂಬುದನ್ನು ನೆನೆದರೆ ಅಚ್ಚರಿಯಾಗುತ್ತದೆ. ನನ್ನ ಗುರುಗಳು ವೇದಿಕೆ ಏರಿದ್ದು ಕಡಿಮೆ. ತಮ್ಮ ಗುರುಗಳ ಪಕ್ಕದಲ್ಲಿ ತಾಳ ಹಿಡಿದು ಕೂತು, ಅವರ ಶಿಷ್ಯೆಯರಿಗೆ ನಟುವಾಂಗ (ತಾಳ ಹಾಕುತ್ತ, ಸೊಲ್ಲು ಹೇಳುತ್ತ ನೃತ್ಯವನ್ನು ನಡೆಸುವುದು) ಮಾಡುತ್ತಲೇ ಅವರ ಬದುಕಿನ ಬಹುಭಾಗ ಕಳೆದಿತ್ತು. ಅವರ ಪರಿಚಯಪತ್ರವೆಂಬುದೇ ಇರಲಿಲ್ಲ, ಕೇಳಿದರೆ ನಗುತ್ತಿದ್ದರು.

ಮೂರನೆಯವರು ಬ್ಯಾಂಕಿನಲ್ಲಿ ನೌಕರಿ ಮಾಡುತ್ತ, ಸಂಜೆ ಮನೆಯ ಮಹಡಿಯಲ್ಲಿ ಪಾಠ ಹೇಳುತ್ತಿದ್ದವರು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿ, ನಂತರ ನೃತ್ಯದಲ್ಲಿ ಎಂ.ಎ. ಮುಗಿಸಿದ್ದರು. ನೌಕರಿಯಲ್ಲಿದ್ದವರ ನಾಟ್ಯವೆಂದರೆ ಹವ್ಯಾಸ ಎಂದು ಮೂಗು ಮುರಿಯುವವರು ಇದ್ದಾರೆ. ಆದರೆ ಯು.ಎಸ್. ಕೃಷ್ಣರಾವ್ ಅವರು ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದುಕೊಂಡೇ ಅದೇ ಮೀನಾಕ್ಷಿಸುಂದರಂ ಪಿಳ್ಳೆಯವರ ಬಳಿ ಕಲಿತು, ಪತ್ನಿ ಚಂದ್ರಭಾಗಾದೇವಿಯವರೊಡನೆ ಬೆಂಗಳೂರಿನಲ್ಲಿ ‘ಮಹಾಮಾಯಾ’ ನೃತ್ಯಶಾಲೆಯನ್ನು ನಡೆಸಿದರೆಂಬುದನ್ನು ಇಂಥವರು ಮರೆಯುತ್ತಾರೆ. ಸಂಬಳ ಬೇರೆ ಕಡೆಯಿಂದ ಬರುತ್ತಿದ್ದುದರಿಂದ ನನ್ನ ಗುರುಗಳಿಗೆ ಯಾರನ್ನೂ ಅವಸರದಲ್ಲಿ ರಂಗಪ್ರವೇಶಕ್ಕೆ, ಅಂದರೆ ಮೊದಲ ಏಕವ್ಯಕ್ತಿ ಪ್ರದರ್ಶನಕ್ಕೆ, ತಳ್ಳುವ ಅಗತ್ಯವಿರಲಿಲ್ಲ. ಸಭಾಂಗಣ, ವಾದ್ಯವೃಂದ, ಪ್ರಸಾಧನ, ಊಟ ಎಂದು ರಂಗಪ್ರವೇಶವು ಮದುವೆಯ ಖರ್ಚಿಗೆ ಸಮನಾಗುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಮೂವರೂ ನನಗೆ ‘ಕೃಷ್ಣಾ ನೀ ಬೇಗನೆ ಬಾರೋ’ ದೇವರನಾಮವನ್ನು ಕಲಿಸಿದ್ದರಿಂದ ಹೋಲಿಕೆಗೆ ಒಂದು ಗಟ್ಟಿಯಾದ ಆಧಾರ ಸಿಕ್ಕಿದೆ. ತಾಯಿಗೆ ಬಾಯಲ್ಲಿ ಜಗವನ್ನು ತೋರಿದ ಸಾಲನ್ನೇ ತೆಗೆದುಕೊಳ್ಳೋಣ. ಕಲಾಕ್ಷೇತ್ರದ ಗುರುಗಳು ಸಂಚಾರಿಯನ್ನು, ಅಂದರೆ ಸಾಲಿನ ಭಾವವನ್ನು ವಿಸ್ತರಿಸುವ ಅಭಿನಯವನ್ನು, ತಾಳದ ಆವರ್ತಗಳಿಗೆ ಹೊಂದಿಸಿ ಮೊದಲೇ ಕಟ್ಟಿಟ್ಟಿದ್ದರು. ಮಗು ಮಣ್ಣು ತಿನ್ನುವುದು ಇಷ್ಟು, ತಾಯಿ ಗದರುವುದು ಇಷ್ಟು, ಬಾಯಿ ತೆರೆಸುವುದು ಇಷ್ಟು ಎಂದು ಲೆಕ್ಕ ತಪ್ಪದೆ ಎಲ್ಲರೂ ಒಂದೇ ರೀತಿ ಮಾಡಬೇಕಿತ್ತು. ಮೂರನೆಯವರಾದ ವಿದ್ವತ್ ಗುರುಗಳು ಮೊದಲು ಪುಸ್ತಕದಲ್ಲಿ ಬರೆಸಿದರು: ವಿಸ್ಮಯವು ಸ್ಥಾಯಿಭಾವ, ಅದ್ಭುತವು ರಸ, ವಿಭಾವ ಅನುಭಾವಗಳು ಇಂಥಿಂಥವು. ಆಮೇಲೆ ಮಾಡಿ ತೋರಿಸಿದರು, ಆದರೆ ಅವರ ಮುಖದಲ್ಲಿ ವಿಸ್ಮಯಕ್ಕಿಂತ ವ್ಯಾಖ್ಯಾನವೇ ಹೆಚ್ಚಾಗಿ ಕಂಡಿತು.

ಮೈಸೂರು ಬಾನಿಯ ಗುರುಗಳು ಚಾಪೆಯ ಮೇಲೆ ಕೂತಲ್ಲಿಂದ ಏಳಲಿಲ್ಲ. ತಾವೇ ಹಾಡುತ್ತ, ಸಾಲನ್ನು ಮತ್ತೆ ಮತ್ತೆ ಎತ್ತಿಕೊಂಡು, ಪ್ರತಿ ಸಲವೂ ಬೇರೆ ಬೇರೆ ಬಗೆಯಲ್ಲಿ ಅಭಿನಯಿಸಿದರು. ಒಮ್ಮೆ ಯಶೋದೆಗೆ ಮಗುವಿನ ಬಾಯಲ್ಲಿ ಮೊದಲು ಹಲ್ಲು ಕಾಣಿಸಿತು, ಅದರಾಚೆ ಬೆಟ್ಟ ಕಾಣಿಸಿತು; ಇನ್ನೊಮ್ಮೆ ಅವಳು ಜಗತ್ತನ್ನು ಕಂಡು ಹೆದರಿ ಸೆರಗಿನಿಂದ ಮಗುವಿನ ಬಾಯನ್ನೇ ಮುಚ್ಚಿದಳು. ಮಗುವಿನ ಗಲ್ಲ ಹಿಡಿದ ಎಡಗೈಯ ಬಿಗಿ ಮೊದಲು ಸಡಿಲವಾಗಬೇಕು, ಕಣ್ಣು ಅರಳುವುದು ಅದರ ನಂತರ ಎಂದು ಹೇಳಿ, ನನ್ನ ಕೈಯನ್ನೇ ಹಿಡಿದು ಆ ಸಡಿಲಿಕೆ ಎಲ್ಲಿಂದ ಶುರುವಾಗಬೇಕೆಂಬುದನ್ನು ತೋರಿಸಿದರು. ಯಾವ ಪುಸ್ತಕದಲ್ಲೂ ಇದು ನನಗೆ ಸಿಕ್ಕಿರಲಿಲ್ಲ. ಆದರೆ ಇದೇ ಗುರುಗಳ ತರಗತಿಯಲ್ಲಿ ಅಡವುಗಳಿಗೆ ಸಿಗುತ್ತಿದ್ದ ಸಮಯ ತೀರಾ ಕಡಿಮೆ. ಹೊಸದಾಗಿ ಸೇರಿದ ಮಕ್ಕಳು ಅರಮಂಡಿ ನಿಲ್ಲುವ ಮೊದಲೇ ಶೃಂಗಾರದ ಹಾಡಾದ ಜಾವಳಿ ಕೇಳುತ್ತ ಕೂರುತ್ತಿದ್ದರು.

ಪರೀಕ್ಷೆಯ ದಾರಿಯನ್ನು ಹಗುರವಾಗಿ ಕಾಣುವವಳು ನಾನಲ್ಲ. ‘ನಾಟ್ಯಾರಂಭೇ ವಾರಿವಾಹೇ’ ಎಂದು ಪತಾಕ ಹಸ್ತದ ವಿನಿಯೋಗವನ್ನು (ಆ ಕೈಮುದ್ರೆಯ ಬಳಕೆಗಳನ್ನು) ತಡವರಿಸದೆ ಹೇಳಬಲ್ಲ ವಿದ್ಯಾರ್ಥಿನಿ ಮುಂದೆ ತಾನೇ ಪಾಠ ಹೇಳುವಾಗ ಗೊಂದಲಕ್ಕೆ ಬೀಳುವುದಿಲ್ಲ. ಆದರೂ ಪಠ್ಯಕ್ರಮ ಮುಗಿಸುವ ಧಾವಂತದಲ್ಲಿ, ಕಾರ್ಯಕ್ರಮದ ದೀರ್ಘವಾದ ಮುಖ್ಯ ನೃತ್ಯಬಂಧವಾದ ವರ್ಣವನ್ನು ಪೂರ್ತಿಯಾಗಿ ಜೀರ್ಣಿಸಿಕೊಳ್ಳಲು ಬಿಡುವು ದೊರೆಯುವುದಿಲ್ಲವೆಂಬುದು ನನ್ನ ಅನುಭವ.

ಗುರುಗಳ ಹಿನ್ನೆಲೆಯಲ್ಲಿ ವಿಚಾರಿಸಬೇಕಾದ ಮುಖ್ಯ ಸಂಗತಿ ಪ್ರಶಸ್ತಿಯೂ ಅಲ್ಲ, ಬಾನಿಯೂ ಅಲ್ಲ, ನಟುವಾಂಗ ಎಂದು ನಾನು ತಿಳಿದಿದ್ದೇನೆ. ಏಕವ್ಯಕ್ತಿ ಪ್ರದರ್ಶನಗಳಲ್ಲೇ ಹೆಸರು ಮಾಡಿದವರು ತಮ್ಮ ದೇಹಕ್ಕೆ ಒಗ್ಗಿದ್ದನ್ನು ಚೆನ್ನಾಗಿ ಬಲ್ಲರು. ತಾಳ ಹಿಡಿದು ಇನ್ನೊಬ್ಬರ ಪಾದವನ್ನೇ ನೋಡುತ್ತ ಕೂತವರು, ಬೇರೆ ಬೇರೆ ದೇಹಗಳು ಎಲ್ಲಿ ಎಡವುತ್ತವೆ ಎಂಬುದನ್ನು ಬಲ್ಲರು. ನನ್ನ ಮೂವರಲ್ಲಿ ಮೊದಲಿಬ್ಬರು ಶಿಷ್ಯೆಯರ ರಂಗಪ್ರವೇಶಕ್ಕೆ ತಾವೇ ನಟುವಾಂಗ ಮಾಡುತ್ತಿದ್ದರು. ಮೂರನೆಯವರು ಹೊರಗಿನಿಂದ ನಟುವನಾರ್ ಒಬ್ಬರನ್ನು ಕರೆಸುತ್ತಿದ್ದರು, ಪೂರ್ವಾಭ್ಯಾಸದಲ್ಲಿ ಆ ಹೊಸ ಕೈಯ ಲಯಕ್ಕೆ ಹೊಂದಿಕೊಳ್ಳುವುದೇ ಹುಡುಗಿಯರಿಗೆ ದೊಡ್ಡ ಕೆಲಸವಾಗುತ್ತಿತ್ತು.

ಏಳೆಂಟು ವರ್ಷದ ಮಗುವಾದರೆ ಕಲಾಕ್ಷೇತ್ರದ ಶಿಸ್ತಿನಲ್ಲಿ ಬೆಳೆದವರ ಬಳಿ ಕಳುಹಿಸುವುದೇ ಮೇಲು. ಚಿಕ್ಕಂದಿನಲ್ಲಿ ಕೂತ ಅರಮಂಡಿ ಮುಂದೆ ಕೈಬಿಡುವುದಿಲ್ಲ. ಶಾಲೆಯಲ್ಲಿ ನೃತ್ಯಶಿಕ್ಷಕಿಯಾಗುವ ಉದ್ದೇಶವಿದ್ದವರಿಗೆ ಪ್ರಮಾಣಪತ್ರ ಬೇಕೇ ಬೇಕು, ಅಂಥವರು ವಿದ್ವತ್ ಗುರುಗಳನ್ನು ಹುಡುಕಬೇಕು. ಅಡವುಗಳು ಗಟ್ಟಿಯಾಗಿ, ಪದ, ಜಾವಳಿಯಂಥ ಅಭಿನಯದ ಹಾಡುಗಳತ್ತ ಮನಸ್ಸು ಹರಿದವರು ಮೈಸೂರು ಬಾನಿಯ ಮನೆಗಳನ್ನು ಹುಡುಕಿಕೊಂಡು ಹೋಗಲಿ. ನಾನು ಈಗಲೂ ಭಾನುವಾರ ಬೆಳಿಗ್ಗೆ ಹೋಗುವುದು ಅಲ್ಲಿಗೇ. ಅಡವು ತಪ್ಪಿದಾಗ ಮಾತ್ರ, ಗುರುಗಳ ಒಪ್ಪಿಗೆ ಪಡೆದು, ಮೊದಲನೆಯವರ ಮನೆಗೂ ಹೋಗಿ ತಿದ್ದಿಸಿಕೊಂಡು ಬರುತ್ತೇನೆ.