‘ಸೂಪರ್’ ಎಂಬ ಒಂದು ಪದಕ್ಕೆ ನಾನು ತೆತ್ತ ಬೆಲೆ

ಆರೋಗ್ಯ ವಿಮೆಯಲ್ಲಿ ಟಾಪ್-ಅಪ್ ಬೇರೆ, ಸೂಪರ್ ಟಾಪ್-ಅಪ್ ಬೇರೆ. ಬೇರೆ ಎಂದರೆ ಬೇರೆಯೇ. ಇದು ನನಗೆ ತಿಳಿದದ್ದು 2,20,000 ರೂಪಾಯಿ ಕಳೆದುಕೊಂಡ ಮೇಲೆ.

ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದವನು ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನಗೂ ಹೆಂಡತಿಗೂ ಸೇರಿ ಮೂರು ಲಕ್ಷದ ಹಳೆಯ ಪಾಲಿಸಿ ಇತ್ತು. ಅದರ ಮೇಲೆ ಇನ್ನೂ ಹತ್ತು ಲಕ್ಷ ಇರಲಿ ಎಂದುಕೊಂಡಾಗ ಏಜೆಂಟ್ ಮನೆಗೇ ಬಂದ. ನನ್ನ ಹಳೆಯ ವಿದ್ಯಾರ್ಥಿ. ಕಾಲಿಗೆ ನಮಸ್ಕಾರ ಬೇರೆ. ‘ಸೂಪರ್ ಟಾಪ್-ಅಪ್ ಅಂತ ಇನ್ನೊಂದಿದೆಯಲ್ಲಪ್ಪ?’ ಎಂದು ನಾನೇ ಕೇಳಿದ್ದೆ. ಕೇಳಿದ್ದೆ! ‘ಸೂಪರ್ ಎನ್ನುವುದು ಬರೀ ಹೆಸರು ಮೇಷ್ಟ್ರೇ, ಕೆಲಸ ಒಂದೇ. ಸುಮ್ಮನೆ ಹೆಚ್ಚು ಕಂತು ಏಕೆ ಕಟ್ಟುತ್ತೀರಿ?’ ಎಂದ. ಟಾಪ್-ಅಪ್‌ಗೇ ಸಹಿ ಹಾಕಿದೆ.

ಜೂನ್‌ನಲ್ಲಿ ಹೆಂಡತಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ. ತೊಂದರೆಯಾಗಿ ಬಿಲ್ 2,80,000ಕ್ಕೆ ಏರಿತು; ಹಳೆಯ ಪಾಲಿಸಿ ಕೊಟ್ಟಿತು. ಅಕ್ಟೋಬರ್‌ನಲ್ಲಿ ನ್ಯುಮೋನಿಯಾ, ಐಸಿಯು, 2,40,000. ಹಳೆಯದರಲ್ಲಿ ಉಳಿದದ್ದು 20,000. ಮಿಕ್ಕದ್ದಕ್ಕೆ ಟಾಪ್-ಅಪ್ ಇದೆಯಲ್ಲ ಎಂದು ಧೈರ್ಯವಾಗಿಯೇ ಇದ್ದೆ.

ವಿಮೆಯ ಕೌಂಟರಿನ ಹುಡುಗಿ ಪರದೆಯನ್ನು ನನ್ನತ್ತ ತಿರುಗಿಸಿದಳು. ‘ಒಂದು ಬಿಲ್ ಮೂರು ಲಕ್ಷ ದಾಟಿದರಷ್ಟೇ ಟಾಪ್-ಅಪ್ ಕೊಡುತ್ತದೆ ಸರ್, ಇದು ದಾಟಿಲ್ಲ.’ ಔಷಧಿ ಚೀಟಿಯ ಹಿಂದೆ ಕೂಡಿ ತೋರಿಸಿದೆ, ಒಟ್ಟು 5,20,000. ‘ಕೂಡಬಾರದು ಸರ್. ದಾಖಲಾದ ಪ್ರತಿ ಸಲಕ್ಕೂ ಬೇರೆ ಲೆಕ್ಕ.’ ಕೂಡಬಾರದಂತೆ! ವರ್ಷದ ಬಿಲ್ಲುಗಳನ್ನೆಲ್ಲ ಕೂಡಿ, ಮೂರು ಲಕ್ಷದ ಮೇಲಿನದನ್ನು ಕೊಡುವುದು ಸೂಪರ್ ಟಾಪ್-ಅಪ್ ಅಂತೆ. ಹಿಂದೆ ನಿಂತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮಗಳ ಮದುವೆಗೆಂದು ಇಟ್ಟಿದ್ದ ಠೇವಣಿ ಮುರಿಸಿದೆ.

ಸಹಾಯವಾಣಿಗೆ ಮೂರು ಸಲ ಕರೆ ಮಾಡಿದೆ. ಮೂರು ಸಲವೂ ‘ನಿಮ್ಮ ಬೇಸರ ಅರ್ಥವಾಗುತ್ತದೆ ಸರ್’, ಅಷ್ಟೇ. ಏಜೆಂಟ್ ಹೇಳಿದ್ದು ಇನ್ನೂ ಚುಚ್ಚುತ್ತದೆ: ‘ಪಾಲಿಸಿಯಲ್ಲೇ ಬರೆದಿದೆಯಲ್ಲ ಮೇಷ್ಟ್ರೇ, ನೀವು ಓದಲಿಲ್ಲವೇ?’ ನನ್ನದೇ ತರಗತಿಯ ಧಾಟಿ! ಓದಿರಲಿಲ್ಲ, ನಿಜ. ಲಕೋಟೆ ಒಡೆಯದೆ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿತ್ತು. ಪಾಲಿಸಿ ಕೈಸೇರಿದ 30 ದಿನದೊಳಗೆ ಬೇಡವೆಂದು ಹಿಂತಿರುಗಿಸಬಹುದಿತ್ತು. ವಿಮಾ ಲೋಕಪಾಲರಿಗೆ ಬರೆಯೋಣವೆಂದರೆ ಅವನ ಬಾಯಿಮಾತಿಗೆ ಸಾಕ್ಷಿ ಎಲ್ಲಿ?

ನೀವು ಲಕೋಟೆ ಬಂದ ದಿನವೇ ಒಡೆಯಿರಿ. ಡಿಡಕ್ಟಿಬಲ್, ಅಂದರೆ ಟಾಪ್-ಅಪ್ ಕೊಡಲು ಶುರುಮಾಡುವ ಮೊದಲು ಬಿಲ್ ದಾಟಬೇಕಾದ ಮೊತ್ತ, ಪ್ರತಿ ದಾಖಲಾತಿಗೋ, ವರ್ಷದ ಒಟ್ಟಿಗೋ ಎಂದು ಬರಹದಲ್ಲೇ ಕೇಳಿ. ಶಿಷ್ಯನೇ ಆಗಿರಲಿ, ಅಳಿಯನೇ ಆಗಿರಲಿ.

ನವೀಕರಣಕ್ಕೆ ಹನ್ನೆರಡು ದಿನ ಉಳಿದಿದೆ ಎಂದು ನಿನ್ನೆ ಅವನೇ ಸಂದೇಶ ಕಳುಹಿಸಿದ್ದಾನೆ, ಕೈಮುಗಿದ ಚಿತ್ರದೊಂದಿಗೆ.