ಲೀಡ್ಸ್‌ನಿಂದ ಯಾರ್ಕ್‌ಶೈರ್ ಡೇಲ್ಸ್‌ಗೆ: ಕೋಚ್, ಕಾರು, ಬಸ್ಸು ಮತ್ತು ರೈಲು

ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಒಂದು ವರ್ಷದ ಸ್ನಾತಕೋತ್ತರ ಪದವಿಗೆಂದು ಬಂದವರಿಗೆ ಬಿಡುವಿನ ವಾರಾಂತ್ಯಗಳು ಬೆರಳೆಣಿಕೆಯಷ್ಟೇ ಸಿಗುತ್ತವೆ. ಪದವಿ ವಿದ್ಯಾರ್ಥಿಯ ವೀಸಾದ ಮೇಲೆ ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಲು ಅವಕಾಶವಿದ್ದು, ನಮ್ಮಲ್ಲಿ ಅನೇಕರ ಆ ಗಂಟೆಗಳು ಶನಿವಾರ, ಭಾನುವಾರಗಳಲ್ಲೇ ಕಳೆದುಹೋಗುತ್ತವೆ. ಅದರ ಮೇಲೆ ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಹೀಗಿರುವಾಗ, ನಗರದ ವಾಯವ್ಯಕ್ಕೆ ಸುಮಾರು ಒಂದು ಗಂಟೆಯ ಪಯಣದಷ್ಟು ದೂರದಲ್ಲಿ ಹರಡಿಕೊಂಡಿರುವ ಯಾರ್ಕ್‌ಶೈರ್ ಡೇಲ್ಸ್ ಎಂಬ ಕಣಿವೆಗಳ ನಾಡಿಗೆ ಯಾವ ವಾಹನದಲ್ಲಿ ಹೋಗಬೇಕೆಂಬುದನ್ನು ತುಸು ಯೋಚಿಸಿಯೇ ನಿರ್ಧರಿಸಬೇಕಾಗುತ್ತದೆ. 2024ರ ಅಕ್ಟೋಬರಿನಿಂದ 2025ರ ಜೂನ್‌ವರೆಗೆ ನಾನು ಅಲ್ಲಿಗೆ ಕೋಚ್ ಪ್ರವಾಸದಲ್ಲಿ (ಗುಂಪನ್ನು ಗೊತ್ತುಪಡಿಸಿದ ಸ್ಥಳಗಳಿಗೆ ಸುತ್ತಿಸುವ ಪ್ರವಾಸಿ ಬಸ್ಸಿನಲ್ಲಿ) ಒಮ್ಮೆ, ಬಾಡಿಗೆ ಕಾರಿನಲ್ಲಿ ಒಮ್ಮೆ, ಬಸ್ಸಿನಲ್ಲಿ ಎರಡು ಬಾರಿ, ರೈಲಿನಲ್ಲಿ ಮೂರು ಬಾರಿ ಹೋಗಿಬಂದೆ.

1954ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಪ್ರದೇಶವು ನಾಗರಹೊಳೆ, ಬಂಡೀಪುರಗಳಂತೆ ಕಾಡುಪ್ರಾಣಿಗಳಿಗೆ ಮೀಸಲಾದ ಅರಣ್ಯವಲ್ಲ. ಇಲ್ಲಿ ಪ್ರವೇಶದ್ವಾರವಿಲ್ಲ, ಶುಲ್ಕವಿಲ್ಲ. ಊರುಗಳಿವೆ, ಕುರಿ ಸಾಕುವ ರೈತರಿದ್ದಾರೆ, ಗಾರೆಯಿಲ್ಲದೆ ಜೋಡಿಸಿದ ಕಲ್ಲುಗೋಡೆಗಳು ಬೆಟ್ಟದ ನೆತ್ತಿಯವರೆಗೂ ಹತ್ತಿಹೋಗಿವೆ. ಖಾಸಗಿ ಹೊಲಗಳ ನಡುವೆಯೂ ಸಾರ್ವಜನಿಕರು ಹಕ್ಕಿನಿಂದ ನಡೆಯಬಹುದಾದ ಕಾಲುದಾರಿಗಳಿದ್ದು, ಅವುಗಳ ಕವಲುಗಳಲ್ಲಿ ಫಲಕಗಳು ನಿಂತಿರುತ್ತವೆ. ಆದ್ದರಿಂದ ಇಲ್ಲಿಗೆ ಬರುವುದರ ಅರ್ಥವೇ ನಡೆಯುವುದು ಎಂದು ನಾನು ಭಾವಿಸಿದ್ದೇನೆ, ಮತ್ತು ನಾಲ್ಕೂ ವಾಹನಗಳನ್ನು ಅಳೆದದ್ದು ಅದೇ ಅಳತೆಗೋಲಿನಿಂದ: ಇಳಿದ ಮೇಲೆ ನನ್ನನ್ನು ಎಷ್ಟು ದೂರ ನಡೆಯಗೊಡುತ್ತದೆ?

ಕೋಚ್ ಪ್ರವಾಸದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬಂದ ಹೊಸತರಲ್ಲಿ, ಊರು ತಿಳಿಯದವರಿಗೆ, ಸ್ನೇಹಿತರನ್ನು ಮಾಡಿಕೊಳ್ಳಬೇಕೆನ್ನುವವರಿಗೆ ಅದು ಒಳ್ಳೆಯದೇ. ಅಲ್ಲಿ ಪರಿಚಯವಾದ ಮೂವರು ಇಂದಿಗೂ ನನ್ನ ಆಪ್ತರು. ಆದರೆ ಬೋಲ್ಟನ್ ಆ್ಯಬಿಯಲ್ಲಿ ಒಂದೂವರೆ ಗಂಟೆ, ಮಾಲಮ್ ಹಳ್ಳಿಯಲ್ಲಿ ಒಂದೂವರೆ ಗಂಟೆ ಎಂದು ಕೊಟ್ಟ ಸಮಯದಲ್ಲಿ 12ನೇ ಶತಮಾನದ ಮಠದ ಅವಶೇಷವನ್ನು ಸುತ್ತಿ ಮುಗಿಸುವುದೇ ಕಷ್ಟವಾಯಿತು. ಮಾಲಮ್‌ನಲ್ಲಿ ಸುಮಾರು 80 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆಗೋಡೆಯ ಬುಡದವರೆಗೆ ಹೋಗಿ, ಅದರ ನೆತ್ತಿಯ ಮೇಲಿನ ಸೀಳು ಸೀಳಾದ ಕಲ್ಲುಹಾಸನ್ನು ನೋಡದೆಯೇ ಓಡಿ ಬರಬೇಕಾಯಿತು. ಆ ಕಲ್ಲುಹಾಸಿನ ಸೀಳುಗಳಲ್ಲಿ ಗಾಳಿಗೆ ಸಿಗದೆ ಬೆಳೆಯುವ ಜರೀಗಿಡಗಳನ್ನು ನೋಡಲು ನಾನು ಮತ್ತೊಮ್ಮೆ ಬರಬೇಕಾಯಿತು.

ಏಪ್ರಿಲ್‌ನ ಈಸ್ಟರ್ ರಜೆಯಲ್ಲಿ ನಾವು ನಾಲ್ವರು ಸೇರಿ ಕಾರು ಬಾಡಿಗೆಗೆ ಪಡೆದೆವು. ಇಲ್ಲಿಗೆ ಬಂದು ನೆಲೆಸಿದ ಮೊದಲ 12 ತಿಂಗಳು ಭಾರತದ ಚಾಲನಾ ಪರವಾನಗಿಯೇ ಸಾಕು, ಸಂಚಾರವೂ ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲೇ. ತೊಡಕು ಇರುವುದು ಬೇರೆ ಕಡೆ. 25 ತುಂಬದ ಚಾಲಕರಿಂದ ಬಾಡಿಗೆ ಸಂಸ್ಥೆಗಳು ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿ ಹೆಚ್ಚುವರಿ ಶುಲ್ಕ ಕೇಳುತ್ತವೆ, ಠೇವಣಿಗೆ ಕ್ರೆಡಿಟ್ ಕಾರ್ಡ್ ಬೇಕೆನ್ನುತ್ತವೆ. ವಿದ್ಯಾರ್ಥಿಗಳ ಬಳಿ ಅದು ಇರುವುದು ಅಪರೂಪ. ನಮ್ಮಲ್ಲಿ ಒಬ್ಬನಿಗೆ 26 ವರ್ಷವಾಗಿತ್ತು, ಆದ್ದರಿಂದ ಎರಡೂ ದಿನ ಅವನೊಬ್ಬನೇ ಓಡಿಸಿದ. ಹಾಸ್ ಎಂಬ ಪೇಟೆಯಿಂದ ಬಟರ್‌ಟಬ್ಸ್ ಕಣಿವೆದಾರಿಯನ್ನು ಏರಿ ಸ್ವೇಲ್‌ಡೇಲ್‌ಗೆ ಇಳಿದು, ಅಲ್ಲಿಂದ 528 ಮೀಟರ್ ಎತ್ತರದಲ್ಲಿರುವ ಟ್ಯಾನ್ ಹಿಲ್‌ನ ಪಬ್ಬಿನವರೆಗೆ ಹೋದೆವು. ಬ್ರಿಟನ್ನಿನ ಅತಿ ಎತ್ತರದ ಪಬ್ ಅದು. ರೈಲು ತಲುಪದ ಆ ಕಣಿವೆಯನ್ನು ಕಾರಿಲ್ಲದೆ ಎರಡು ದಿನಗಳಲ್ಲಿ ಅಷ್ಟು ಆರಾಮವಾಗಿ ನೋಡುವುದು ನಮ್ಮಿಂದಾಗುತ್ತಿರಲಿಲ್ಲ. ಹುಟ್ಟಿ ವಾರವಾಗಿರದ ಕುರಿಮರಿಗಳು ರಸ್ತೆಗೇ ಬಂದು ನಿಲ್ಲುತ್ತಿದ್ದ ಆ ಬೆಳಗನ್ನು ನಾನು ಮರೆಯಲಾರೆ.

ಆದರೂ ಕಾರು ನನಗೆ ಪೂರ್ಣವಾಗಿ ಒಪ್ಪಿಗೆಯಾಗಲಿಲ್ಲ. ಒಂದೇ ವಾಹನ ಹಿಡಿಸುವಷ್ಟು ಕಿರಿದಾದ ಹಳ್ಳಿದಾರಿಗಳಲ್ಲೂ, ಬೇರೆ ಮಿತಿಯ ಫಲಕವಿಲ್ಲದ ಕಡೆ, ಗಂಟೆಗೆ 60 ಮೈಲಿಯ ರಾಷ್ಟ್ರೀಯ ವೇಗಮಿತಿಯೇ ಅನ್ವಯಿಸುತ್ತದೆ. ಅದರ ಅರ್ಧದಷ್ಟು ವೇಗದಲ್ಲಿ ಹೋಗುವುದಕ್ಕೂ ಧೈರ್ಯ ಬೇಕಾಗುವಂಥ ತಿರುವುಗಳವು, ಮತ್ತು ಎರಡೂ ಬದಿಯ ಕಲ್ಲುಗೋಡೆಗಳು ಕಿಟಕಿಯ ಮಟ್ಟಕ್ಕೆ ನಿಂತು ಹೊಲಗಳನ್ನು ಮರೆಮಾಡುತ್ತವೆ. ಓಡಿಸಿದ ಗೆಳೆಯ ರಸ್ತೆಯನ್ನಲ್ಲದೆ ಬೇರೇನನ್ನೂ ನೋಡಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಇದಕ್ಕಿಂತ ದೊಡ್ಡ ಕೊರತೆ ಎರಡನೆಯ ದಿನ ತಿಳಿಯಿತು. ಮ್ಯೂಕರ್ ಹಳ್ಳಿಯಲ್ಲಿ ಕಾರು ನಿಲ್ಲಿಸಿ, ಸ್ವೇಲ್ ನದಿಯ ದಂಡೆಯ ಮೇಲೆ ಕೆಲ್ಡ್‌ವರೆಗೆ ನಡೆದೆವು. ಇಡೀ ಪ್ರವಾಸದ ಅತ್ಯಂತ ಚೆಲುವಾದ ನಡಿಗೆ ಅದೇ ಆಗಿತ್ತು. ಕೆಲ್ಡ್‌ನಲ್ಲಿ, 1965ರಲ್ಲಿ ತೆರೆದ ಪೆನ್ನೈನ್ ವೇ ಎಂಬ ದೀರ್ಘ ಕಾಲುದಾರಿ ಬೆಟ್ಟದ ಕಡೆಗೆ ಹೊರಳಿ ಹೋಗುತ್ತಿತ್ತು, ಹೊತ್ತೂ ಇತ್ತು, ಕಾಲಿನಲ್ಲಿ ಕಸುವೂ ಇತ್ತು, ಆದರೆ ಕಾರು ಮ್ಯೂಕರ್‌ನಲ್ಲಿತ್ತು. ಕಾರಿನಲ್ಲಿ ಹೋದವರು ಹೊರಟ ಜಾಗಕ್ಕೇ ಮರಳಬೇಕು. ಎಷ್ಟು ದೂರ ನಡೆದರೂ ಅದರ ಅರ್ಧಭಾಗ ಮರಳುವುದಕ್ಕೆ ಮೀಸಲು.

ಬಸ್ಸು ಈ ಕಟ್ಟಿನಿಂದ ಬಿಡಿಸಿತು. ಭಾನುವಾರಗಳಲ್ಲಿ ಡೇಲ್ಸ್‌ಬಸ್ ಹೆಸರಿನಲ್ಲಿ ಓಡುವ ಬಸ್ಸುಗಳಲ್ಲೊಂದು ಲೀಡ್ಸ್‌ನಿಂದ ಇಲ್ಕ್‌ಲಿ, ಗ್ರಾಸಿಂಗ್ಟನ್ ಮೂಲಕ ವಾರ್ಫ್ ನದಿಯ ಕಣಿವೆಯನ್ನು ಏರಿ ಬಕ್‌ಡೆನ್ ಮುಟ್ಟುತ್ತದೆ. ಇಂಗ್ಲೆಂಡಿನ ಬಹುತೇಕ ಬಸ್ಸುಗಳಲ್ಲಿ 2025ರ ಜನವರಿಯಿಂದ ಒಮ್ಮುಖ ಪ್ರಯಾಣದ ದರ 3 ಪೌಂಡ್ ಮೀರುವಂತಿಲ್ಲವಾದ್ದರಿಂದ, ನಾಲ್ಕರಲ್ಲಿ ಅತಿ ಅಗ್ಗದ ದಾರಿ ಇದೇ. ಬಸ್ಸಿನ ಆಸನದ ಎತ್ತರದಿಂದ ಕಲ್ಲುಗೋಡೆಗಳ ಆಚೆಯ ಹೊಲ, ಹುಲ್ಲಿನ ಕಣಜಗಳು, ನದಿಯ ತಿರುವು ಎಲ್ಲವೂ ಕಾಣುತ್ತವೆ. ಕಾರಿನಲ್ಲಿ ಮರೆಯಾಗಿದ್ದ ನಾಡು ಇಲ್ಲಿ ತೆರೆದುಕೊಂಡಿತು. ಬಕ್‌ಡೆನ್‌ನಲ್ಲಿ ಇಳಿದು, ನದಿಯ ಜೊತೆಗೇ ಸಾಗುವ ಡೇಲ್ಸ್ ವೇ ಕಾಲುದಾರಿಯಲ್ಲಿ ಕೆಟಲ್‌ವೆಲ್‌ವರೆಗೆ ನಡೆದು, ಅಲ್ಲಿ ಮರಳುವ ಬಸ್ಸನ್ನು ಹತ್ತಿದೆ. ಮುಕ್ಕಾಲುಪಾಲು ಪ್ರಯಾಣಿಕರು ನಿವೃತ್ತರು, ಕೈಯಲ್ಲಿ ಮಡಚಿದ ಕಾಗದದ ನಕ್ಷೆ ಹಿಡಿದವರು. ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಗಳಿಗೆ ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಒಂದಕ್ಕೆ 25,000 ಪ್ರಮಾಣದ ನಕ್ಷೆ ಬೇಕೇಬೇಕೆಂದು ತಿಳಿಸಿಕೊಟ್ಟವರೂ ಅವರಲ್ಲೊಬ್ಬರು. ಬಸ್ಸಿನ ದೋಷವೆಂದರೆ ಅದು ಬೇಗ ಮರಳುವುದು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುವಾಗ ಸಂಜೆಯ ಬಸ್ಸಿಗಾಗಿ ಬೆಟ್ಟದಿಂದ ಇಳಿದು ಬರುವುದು ಮನಸ್ಸಿಗೆ ಕಷ್ಟವಾಗುತ್ತದೆ.

ಇನ್ನು ರೈಲು. ಲೀಡ್ಸ್‌ನಿಂದ ಸೆಟಲ್ ಮಾರ್ಗವಾಗಿ ಕಾರ್ಲೈಲ್‌ಗೆ ಹೋಗುವ ಈ ದಾರಿಯಲ್ಲಿ ಸೆಟಲ್‌ನಿಂದ ಕಾರ್ಲೈಲ್‌ವರೆಗಿನ ಹಳಿಯನ್ನು ಪ್ರಯಾಣಿಕರಿಗೆ ತೆರೆದದ್ದು 1876ರಲ್ಲಿ. ನಷ್ಟದ ಕಾರಣ ಹೇಳಿ ಅದನ್ನು ಮುಚ್ಚುವ ಪ್ರಸ್ತಾವ 1980ರ ದಶಕದಲ್ಲಿ ಬಂದಾಗ ಜನರು ವರ್ಷಗಟ್ಟಲೆ ವಿರೋಧಿಸಿ, 1989ರ ಏಪ್ರಿಲ್‌ನಲ್ಲಿ ಸರ್ಕಾರ ಆ ಪ್ರಸ್ತಾವವನ್ನೇ ಕೈಬಿಡುವಂತೆ ಮಾಡಿದರು. ನನ್ನ ಮೂರು ವಾರಾಂತ್ಯಗಳು ಆ ಜನರ ಕೊಡುಗೆ. 16ರಿಂದ 25 ವರ್ಷದವರಿಗೆ ರಿಯಾಯಿತಿ ಕೊಡುವ 16–25 ರೈಲ್‌ಕಾರ್ಡನ್ನು ನಾನು 30 ಪೌಂಡ್‌ಗೆ ಪಡೆದಿದ್ದೆ. 2025ರ ಮಾರ್ಚ್‌ನಿಂದ ಅದಕ್ಕೆ 35 ಪೌಂಡ್ ಆಗಿದೆ. ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಕಡಿತವಾಗುತ್ತದೆ. 26 ದಾಟಿದವರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ ಅದನ್ನು ಪಡೆಯಬಹುದು, ಮತ್ತು ವಾರದ ದಿನಗಳ ಬೆಳಗಿನ ರೈಲುಗಳಿಗಿರುವ 12 ಪೌಂಡ್ ಕನಿಷ್ಠ ದರದ ನಿಯಮ ಶನಿವಾರ, ಭಾನುವಾರಗಳಿಗಿಲ್ಲ.

ರಿಬಲ್‌ಹೆಡ್‌ನಲ್ಲಿ ಇಳಿದರೆ ಎದುರಿಗೇ 24 ಕಮಾನುಗಳ, 400 ಮೀಟರ್ ಉದ್ದದ, 32 ಮೀಟರ್ ಎತ್ತರದ ಸೇತುವೆ. ಬಟಾಬಯಲಿನ ಜೌಗುನೆಲದಲ್ಲಿ ಗುಡಿಸಲು ಹಾಕಿಕೊಂಡು ಅದನ್ನು ಕಟ್ಟಿದ ಕಾರ್ಮಿಕರಲ್ಲಿ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿಂದ ಹಳಿಯ ಪಕ್ಕದಲ್ಲೇ ಸಾಗಿ, ಬ್ಲೀ ಮೂರ್ ಬೆಟ್ಟವನ್ನು ಹತ್ತಿದೆ. ಕಾಲಡಿಯಲ್ಲಿ 2.4 ಕಿಲೋಮೀಟರ್ ಉದ್ದದ ಸುರಂಗವಿದೆ. ಅದರ ಗಾಳಿಗೂಡುಗಳು ಇಟ್ಟಿಗೆಯ ಬಾವಿಗಳಂತೆ ಬೆಟ್ಟದ ಮೇಲೆ ಎದ್ದು ನಿಂತಿವೆ. ಆಚೆ ಇಳಿದು ಡೆಂಟ್‌ಡೇಲ್ ಕಣಿವೆಯಲ್ಲಿ ನದಿಯ ಜೊತೆ ನಡೆದು, ಕಡಿದಾದ ರಸ್ತೆಯನ್ನೇರಿ, ಸುಮಾರು 350 ಮೀಟರ್ ಎತ್ತರದ ಡೆಂಟ್ ನಿಲ್ದಾಣ ಸೇರಬೇಕು. ಇಂಗ್ಲೆಂಡಿನ ಮುಖ್ಯ ರೈಲುಮಾರ್ಗಗಳಲ್ಲಿ ಇದೇ ಅತಿ ಎತ್ತರದ ನಿಲ್ದಾಣ. ಒಂದು ನಿಲ್ದಾಣದಲ್ಲಿ ಇಳಿದು ಮುಂದಿನದರಲ್ಲಿ ಹತ್ತುವ ಈ ನಡಿಗೆಯಲ್ಲಿ ಹಿಂದಿರುಗುವ ಹೆಜ್ಜೆ ಒಂದೂ ಇಲ್ಲ.

ರೈಲಿಗೆ ತನ್ನದೇ ಕಠಿಣತೆಯಿದೆ. ಮೊದಲ ಬಾರಿ ಜೌಗಿನಲ್ಲಿ ದಾರಿ ತಪ್ಪಿ ಹತ್ತು ನಿಮಿಷ ತಡವಾಗಿ ಡೆಂಟ್ ಮುಟ್ಟಿದೆ. ಮುಂದಿನ ರೈಲಿಗೆ ಎರಡು ಗಂಟೆಗೂ ಹೆಚ್ಚು ಕಾಯಬೇಕಾಯಿತು. ಡೆಂಟ್ ಹಳ್ಳಿಯಿರುವುದು ನಿಲ್ದಾಣದಿಂದ ಆರೇಳು ಕಿಲೋಮೀಟರ್ ದೂರದಲ್ಲಿ, ಕಣಿವೆಯ ತಳದಲ್ಲಿ. ಚಳಿಗಾಲದ ಹಿಮವನ್ನು ತಡೆಯಲು ಹಳೆಯ ಮರದ ದಿಮ್ಮಿಗಳಿಂದ ಕಟ್ಟಿದ ಬೇಲಿಯನ್ನು ನೋಡುತ್ತಾ ಮಳೆಯಲ್ಲಿ ಕುಳಿತಿದ್ದ ಆ ಸಂಜೆಯ ನಂತರ, ನಡಿಗೆಯ ಲೆಕ್ಕಕ್ಕೆ ಯಾವಾಗಲೂ ಒಂದು ಗಂಟೆ ಹೆಚ್ಚು ಸೇರಿಸಿಕೊಳ್ಳುತ್ತೇನೆ. ಇಷ್ಟಾದರೂ ಒಂದೇ ವಾರಾಂತ್ಯ ಉಳಿದಿದ್ದರೆ ನಾನು ಆರಿಸಿಕೊಳ್ಳುವುದು ರೈಲನ್ನೇ. ಕೈಯಲ್ಲಿ ಭಾನುವಾರ ಮಾತ್ರ ಇರುವವರಿಗೆ ಬಸ್ಸನ್ನು, ಸ್ವೇಲ್‌ಡೇಲ್ ನೋಡಲೇಬೇಕೆನ್ನುವ ನಾಲ್ವರ ಗುಂಪಿಗೆ ಕಾರನ್ನು ಹೇಳುತ್ತೇನೆ.

ಡಿಸೆಂಬರಿನ ಘಟಿಕೋತ್ಸವಕ್ಕೆ ಅಪ್ಪ, ಅಮ್ಮ ಬರಲಿದ್ದಾರೆ. ಅಮ್ಮನಿಗೆ ಮಂಡಿನೋವು, ಹಗಲೂ ಕಿರಿದು. ಅವರನ್ನು ಬೆಳಗಿನ ರೈಲಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ಎಲ್ಲಿಯೂ ಇಳಿಸದೆ, ಕಾರ್ಲೈಲ್‌ವರೆಗೆ ಕರೆದೊಯ್ಯಬೇಕೆಂದಿದ್ದೇನೆ. ರಿಬಲ್‌ಹೆಡ್ ದಾಟುವಾಗ ನಾನು ನಡೆದ ದಾರಿಯನ್ನು ಅವರಿಗೆ ಬೆರಳು ಮಾಡಿ ತೋರಿಸಬಹುದು.