ಬ್ಯಾಂಕಾಕ್‌ನಿಂದ ಅಯುತ್ಥಯಾಗೆ ಒಂದು ದಿನ: ಪ್ಯಾಸೆಂಜರ್ ರೈಲೋ, ಮಿನಿ ವ್ಯಾನೋ, ಪ್ಯಾಕೇಜ್ ಟೂರೋ?

ಅಡ್ಡಗೋಡೆಯ ಮೇಲೆ ದೀಪ ಇಡುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮೂರೂ ದಾರಿಯನ್ನು ನೋಡಿಯಾದ ಮೇಲೆ ನನ್ನ ಓಟು ಮೂರನೇ ದರ್ಜೆಯ ಪ್ಯಾಸೆಂಜರ್ ರೈಲಿಗೆ. ಸೀಟು ಗಟ್ಟಿ, ಎ.ಸಿ. ಇಲ್ಲ, ಫ್ಯಾನು ತಿರುಗಿದರೆ ತಿರುಗಿತು. ಆದರೂ 71 ಕಿಲೋಮೀಟರ್ ದೂರಕ್ಕೆ 15-20 ಬಾತ್, ಅಂದರೆ ಐವತ್ತು ರೂಪಾಯಿಯ ಆಸುಪಾಸು. ವ್ಯಾನಿಗೆ ಇದರ ಮೂರ್ನಾಲ್ಕು ಪಟ್ಟು ಬೀಳುತ್ತದೆ. ಪ್ಯಾಕೇಜ್ ಟೂರಿಗೆ ಕೊಡುವ ದುಡ್ಡಿನಲ್ಲಿ ಇಪ್ಪತ್ತು ಸಲ ರೈಲಿನಲ್ಲಿ ಹೋಗಿಬರಬಹುದು.

ಊರಿನ ಬಗ್ಗೆ ಎರಡೇ ಮಾತು. ಹದಿನಾಲ್ಕನೇ ಶತಮಾನದ ಮಧ್ಯದಿಂದ 1767ರಲ್ಲಿ ಬರ್ಮಾ ಸೈನ್ಯ ಸುಟ್ಟುಹಾಕುವವರೆಗೆ ಇದು ಸಯಾಮಿನ, ಅಂದರೆ ಹಳೇ ಥಾಯ್ಲೆಂಡಿನ ರಾಜಧಾನಿ. ಹೆಸರು ಬಂದದ್ದು ಅಯೋಧ್ಯೆಯಿಂದ. ಚಾವೊ ಫ್ರಾಯಾ, ಪಾ ಸಕ್, ಲೋಪ್ ಬುರಿ, ಈ ಮೂರು ನದಿಗಳು ಸುತ್ತುವರಿದ ಕಾರಣ ಹಳೇ ಊರು ಒಂದು ದ್ವೀಪ. ಇದನ್ನು ಇತಿಹಾಸಕ್ಕಾಗಿ ಹೇಳುತ್ತಿಲ್ಲ. ರೈಲು ನಿಮ್ಮನ್ನು ನದಿಯ ಈಚೆ ದಡದಲ್ಲಿ ಇಳಿಸುತ್ತದೆ, ವ್ಯಾನು ದ್ವೀಪದ ನಡುವೆ, ಟೂರ್ ಬಸ್ಸು ದೇವಾಲಯದ ಗೇಟಿನಲ್ಲೇ. ದಿನದ ಲೆಕ್ಕಾಚಾರವೆಲ್ಲ ಇದರ ಮೇಲೆ ನಿಂತಿದೆ.

ಈಗ ರೈಲಿನ ತಲೆನೋವು. ಇರುವುದು ಒಂದೇ, ಆದರೆ ಅದೊಂದೇ ಅರ್ಧ ದಿನ ತಿನ್ನಬಲ್ಲದು: ಬ್ಯಾಂಕಾಕ್‌ಗೆ ಎರಡು ದೊಡ್ಡ ನಿಲ್ದಾಣಗಳಿವೆ.

2023ರ ಜನವರಿ 19ರಿಂದ ದೂರದ ಎಕ್ಸ್‌ಪ್ರೆಸ್, ರ‍್ಯಾಪಿಡ್ ಗಾಡಿಗಳೆಲ್ಲ ಹಳೇ ಹುವಾ ಲಂಪೋಂಗ್ ಬಿಟ್ಟು ಬಾಂಗ್ ಸೂ ಕಡೆಯ ಹೊಸ ನಿಲ್ದಾಣಕ್ಕೆ ಹೋದವು. ಹೊಸದರ ಹೆಸರು ಕ್ರುಂಗ್ ಥೇಪ್ ಅಫಿವತ್. ಆ ‘ಅಫಿವತ್’ ನಮ್ಮ ಅಭಿವೃದ್ಧಿಯ ನೆಂಟ. ಪ್ಯಾಸೆಂಜರ್ ಮತ್ತು ಕಮ್ಯೂಟರ್ ಗಾಡಿಗಳು ಮಾತ್ರ ಹುವಾ ಲಂಪೋಂಗ್‌ನಲ್ಲೇ ಉಳಿದವು. ಹಳೇ ಪ್ರವಾಸ ಬರಹಗಳು ಎಲ್ಲದಕ್ಕೂ ಹುವಾ ಲಂಪೋಂಗ್ ಎನ್ನುತ್ತವೆ, ಹೊಸವು ಎಲ್ಲದಕ್ಕೂ ಅಫಿವತ್ ಎನ್ನುತ್ತವೆ. ಎರಡೂ ಅರ್ಧ ಸತ್ಯ. ಥಾಯ್ ರೈಲ್ವೆಯ ವೇಳಾಪಟ್ಟಿಯಲ್ಲಿ ಬರೀ ‘ಬ್ಯಾಂಕಾಕ್’ ಎಂದಿದ್ದರೆ ಅದು ಹುವಾ ಲಂಪೋಂಗ್.

ತಪ್ಪಿ ಅಫಿವತ್‌ಗೆ ಹೋದರೆ ರೈಲೇ ಸಿಗುವುದಿಲ್ಲ ಎಂದಲ್ಲ. ಸಿಗುತ್ತದೆ, ಅದೇ ತೊಂದರೆ. ಅಯುತ್ಥಯಾ ಎಂದೊಡನೆ ಕೌಂಟರಿನವರು ಮುಂದಿನ ಗಾಡಿಯ ಟಿಕೆಟ್ ಕೊಡುತ್ತಾರೆ. ಅದು ಎ.ಸಿ. ಸ್ಪೆಷಲ್ ಎಕ್ಸ್‌ಪ್ರೆಸ್ ಆಗಿದ್ದರೆ 200 ಬಾತ್ ದಾಟುತ್ತದೆ. ರ‍್ಯಾಪಿಡ್ ಗಾಡಿಯ ಮೂರನೇ ದರ್ಜೆಗೂ ಮೂಲ ದರದ ಮೇಲೆ ವೇಗದ ಸರ್‌ಚಾರ್ಜ್ ಕೂರುತ್ತದೆ. ದೂರದ ಚಿಯಾಂಗ್ ಮೈಗೆ ಹೋಗುವವರಿಗೆ ಆ ಸರ್‌ಚಾರ್ಜ್ ಲೆಕ್ಕಕ್ಕಿಲ್ಲ, 71 ಕಿಲೋಮೀಟರಿಗೆ ಹೋಗುವವರಿಗೆ ಮೂಗಿಗಿಂತ ಮೂಗುತಿ ಭಾರ. ಉಳಿಯುವ ಸಮಯವೋ, ಅರ್ಧ ಗಂಟೆ ಉಳಿದರೆ ಹೆಚ್ಚು.

ಗಾಡಿಯ ಸಂಖ್ಯೆ ಓದಲು ಬಂದರೆ ಈ ಗೊಂದಲವೇ ಇಲ್ಲ. ಒಂದು ಅಥವಾ ಎರಡಂಕಿ ಇದ್ದರೆ ಎಕ್ಸ್‌ಪ್ರೆಸ್ ಜಾತಿ. ನೂರರಿಂದ ಶುರುವಾದರೆ ರ‍್ಯಾಪಿಡ್. 200ರ ಸರಣಿ ಪ್ಯಾಸೆಂಜರ್, 300ರ ಸರಣಿ ಕಮ್ಯೂಟರ್. ಬೆಸ ಸಂಖ್ಯೆಯವು ಬ್ಯಾಂಕಾಕ್ ಬಿಟ್ಟು ಹೋಗುವವು, ಸಮ ಸಂಖ್ಯೆಯವು ಬ್ಯಾಂಕಾಕ್‌ಗೆ ಬರುವವು. ಹಾಗಾಗಿ ಬೆಳಿಗ್ಗೆ 2 ಅಥವಾ 3ರಿಂದ ಶುರುವಾಗುವ ಮೂರಂಕಿಯ ಬೆಸ ಸಂಖ್ಯೆ, ಸಂಜೆ ಅದೇ ಜಾತಿಯ ಸಮ ಸಂಖ್ಯೆ. ಕೌಂಟರಿನಲ್ಲಿ ‘ಅಯುತ್ಥಯಾ, ರೊತ್ ಥಮ್ಮದಾ, ಚಾನ್ ಸಾಮ್’ ಎಂದರೆ ಸಾಕು: ಸಾಧಾರಣ ಗಾಡಿ, ಮೂರನೇ ದರ್ಜೆ. ಆ ‘ಥಮ್ಮದಾ’ ಪಾಲಿಯ ‘ಧಮ್ಮತಾ’, ನಮ್ಮ ‘ಧರ್ಮ’ದ ಕಡೆಯದೇ, ಅಲ್ಲಿಗೆ ಹೋಗಿ ‘ಮಾಮೂಲಿ’ ಎಂಬ ಅರ್ಥಕ್ಕೆ ಇಳಿದಿದೆ.

ಈ ಟಿಕೆಟನ್ನು ಮುಂಗಡ ಕಾಯ್ದಿರಿಸಲು ಆಗದು, ಆ ದಿನ ಕೌಂಟರಿನಲ್ಲೇ ಕೊಳ್ಳಬೇಕು. ಸೀಟು ನಂಬರ್ ಇಲ್ಲ. ಹೊರಡುವ ಇಪ್ಪತ್ತು ನಿಮಿಷ ಮೊದಲೇ ಹತ್ತಿ, ಗಾಡಿ ಹೋಗುವ ದಿಕ್ಕಿನ ಎಡಬದಿಯ ಕಿಟಕಿ ಹಿಡಿಯಿರಿ. ಗಾಡಿ ಉತ್ತರಕ್ಕೆ ಓಡುವುದರಿಂದ ಬೆಳಗಿನ ಬಿಸಿಲು ಬಲಬದಿಗೆ ಹೊಡೆಯುತ್ತದೆ, ಎ.ಸಿ. ಇಲ್ಲದ ಡಬ್ಬಿಯಲ್ಲಿ ಇದು ಸಣ್ಣ ವಿಷಯವಲ್ಲ. ಹುವಾ ಲಂಪೋಂಗ್‌ಗೆ ಎಂಆರ್‌ಟಿ ಮೆಟ್ರೋದ ಬ್ಲೂ ಲೈನಿನಲ್ಲಿ ಅದೇ ಹೆಸರಿನ ಸ್ಟೇಷನ್ ಇದೆ. ಸುಖುಮ್‌ವಿತ್‌ನಲ್ಲಿ ಉಳಿದವರಿಗೆ ಬದಲಿಸುವ ಗೋಜಿಲ್ಲದ ನೇರ ಮೆಟ್ರೋ. ಬೆಂಗಳೂರಿನಿಂದ ಡಾನ್ ಮುಯಾಂಗ್ ವಿಮಾನ ನಿಲ್ದಾಣಕ್ಕೆ ಬಂದಿಳಿದು ಅಲ್ಲೇ ಸುತ್ತಮುತ್ತ ಉಳಿದವರು ಮಾತ್ರ ನಗರದೊಳಗೆ ಬಂದು ಮತ್ತೆ ಉತ್ತರಕ್ಕೆ ಹೋಗಬೇಕಿಲ್ಲ. ಟರ್ಮಿನಲ್ ಎದುರಿನ ರೈಲು ನಿಲ್ದಾಣದಲ್ಲೇ ಹತ್ತಬಹುದು.

ಪ್ರಯಾಣ ಒಂದೂವರೆಯಿಂದ ಎರಡು ಗಂಟೆ. ಅಯುತ್ಥಯಾದಲ್ಲಿ ಇಳಿದೊಡನೆ ಟುಕ್‌ಟುಕ್ ಎಂಬ ಆಟೋದವರು ಫೋಟೋ ಹಾಕಿದ ಹಲಗೆ ಹಿಡಿದು ಸುತ್ತುವರಿಯುತ್ತಾರೆ. ತಲೆಯಾಡಿಸಿ ಮುಂದೆ ನಡೆಯಿರಿ. ಎದುರಿನ ರಸ್ತೆ ದಾಟಿ ನೇರ ಓಣಿಗೆ ಇಳಿದರೆ ಐದು ನಿಮಿಷದಲ್ಲಿ ಪಾ ಸಕ್ ನದಿಯ ದೋಣಿಕಟ್ಟೆ. ಐದೋ ಹತ್ತೋ ಬಾತ್ ಕೊಟ್ಟು ಹತ್ತಿದರೆ ಕೂತು ಮುಗಿಯುವ ಮೊದಲೇ ಆಚೆ ದಡ. ಬಾಡಿಗೆ ಸೈಕಲ್ ಅಂಗಡಿಗಳೂ ಇದೇ ಓಣಿಯಲ್ಲಿವೆ, ದಿನಕ್ಕೆ 50-60 ಬಾತ್. ಸೈಕಲನ್ನೂ ದೋಣಿಗೇ ಹತ್ತಿಸಿಕೊಳ್ಳಿ. ದೊಡ್ಡ ಸೇತುವೆಯ ಮೇಲೆ ತುಳಿಯಲು ಹೋದರೆ ಲಾರಿಗಳ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದುಕೊಳ್ಳಬೇಕು.

ಸೈಕಲ್ ಬಾಡಿಗೆಗೆ ಪಾಸ್‌ಪೋರ್ಟ್ ಅಡವಿಡಲು ಕೇಳಿದರೆ ಕೊಡಬೇಡಿ, ಜೆರಾಕ್ಸ್ ಪ್ರತಿ ಮತ್ತು ಒಂದಿಷ್ಟು ನಗದು ಡಿಪಾಸಿಟ್ ಕೊಡುತ್ತೇವೆ ಎನ್ನಿ. ಒಪ್ಪದಿದ್ದರೆ ಪಕ್ಕದ ಅಂಗಡಿ ಇದೆ. ತೆಗೆದುಕೊಳ್ಳುವ ಮೊದಲು ನಾಲ್ಕು ಪರೀಕ್ಷೆ: ಎರಡೂ ಬ್ರೇಕ್ ಹಿಡಿಯುತ್ತವೆಯೇ, ಟೈರಿಗೆ ಗಾಳಿ ಇದೆಯೇ, ಬೀಗದ ಕೀಲಿ ತಿರುಗುತ್ತದೆಯೇ, ಸೀಟು ನಿಮ್ಮ ಎತ್ತರಕ್ಕೆ ಏರುತ್ತದೆಯೇ. ಸೀಟು ತಗ್ಗಾಗಿದ್ದರೆ ಮೂರನೇ ಕಿಲೋಮೀಟರಿಗೆ ಮಂಡಿ ಮಾತಾಡಲು ಶುರುಮಾಡುತ್ತದೆ.

ಮಿನಿ ವ್ಯಾನಿಗೆ ಬರೋಣ. ಇದು ಕೆಟ್ಟದ್ದಲ್ಲ. 60-70 ಬಾತ್, ಎ.ಸಿ., ರಸ್ತೆ ಖಾಲಿ ಇದ್ದರೆ ಒಂದು ಗಂಟೆ ಚಿಲ್ಲರೆ. ಇಳಿಸುವುದು ದ್ವೀಪದೊಳಗಿನ ನರೇಸುವನ್ ರಸ್ತೆಯಲ್ಲಿ, ಅಲ್ಲಿಂದ ವಾತ್ ಮಹಾತಾತ್‌ಗೆ (‘ವಾತ್’ ಎಂದರೆ ಬೌದ್ಧ ದೇವಾಲಯ) ನಡೆದೇ ಹೋಗಬಹುದು. ಆದರೆ ಹತ್ತುವ ಜಾಗ ಮೋಸದ್ದು. ಮೊದಲು ವಿಕ್ಟರಿ ಮಾನ್ಯುಮೆಂಟ್‌ನಲ್ಲಿದ್ದ ವ್ಯಾನುಗಳನ್ನು 2016ರಲ್ಲಿ ಮೋ ಚಿತ್ ಬಸ್ ನಿಲ್ದಾಣದ ಬಳಿಗೆ ಕಳಿಸಿದರು. ಹೆಸರು ಕೇಳಿ ಬಿಟಿಎಸ್ ಮೆಟ್ರೋದ ಮೋ ಚಿತ್ ಸ್ಟೇಷನ್ನಿನಲ್ಲಿ ಇಳಿದರೆ ಬಸ್ ನಿಲ್ದಾಣ ಅಲ್ಲಿಂದ ಇನ್ನೂ ಎರಡು ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿಗೆ ಬೈಕ್ ಟ್ಯಾಕ್ಸಿಯೋ ಸಿಟಿ ಬಸ್ಸೋ ಹಿಡಿಯಬೇಕು. ಉಳಿಸಿದ ಅರ್ಧ ಗಂಟೆ ಅಲ್ಲಿಗೆ ಹೋಯಿತು.

ವ್ಯಾನು ತುಂಬಿದ ಮೇಲೆ ಹೊರಡುತ್ತದೆ. ದೊಡ್ಡ ಬ್ಯಾಗಿದ್ದರೆ ಇನ್ನೊಂದು ಸೀಟಿನ ದುಡ್ಡು ಕೇಳಬಹುದು. ಹಿಂದಿನ ಸಾಲಿನಲ್ಲಿ ಆರಡಿ ಎತ್ತರದವರ ಮಂಡಿಗೆ ಜಾಗವಿಲ್ಲ. ಭಾನುವಾರ ಸಂಜೆ ರಂಗ್‌ಸಿತ್ ದಾಟುವಾಗಿನ ಟ್ರಾಫಿಕ್ ಬಗ್ಗೆ ಹೇಳದಿರುವುದೇ ವಾಸಿ.

ಪ್ಯಾಕೇಜ್ ಟೂರಿಗೆ ಸಾಮಾನ್ಯವಾಗಿ 1,000 ಬಾತ್‌ನಿಂದ ಮೇಲಕ್ಕೆ. ಹೋಟೆಲಿಂದ ಹೋಟೆಲಿಗೆ ಪಿಕಪ್ ಮಾಡುತ್ತ ಸುತ್ತುವುದರಲ್ಲೇ ಬೆಳಗಿನ ತಂಪು ಮುಗಿಯುತ್ತದೆ, ಮೊದಲ ದೇವಾಲಯ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿರುತ್ತದೆ. ಒಂದೊಂದು ಕಡೆ ಮುಕ್ಕಾಲು ಗಂಟೆ. ಬುಕ್ ಮಾಡುವ ಮೊದಲು ‘ಪ್ರವೇಶ ಶುಲ್ಕ ಸೇರಿದೆಯೇ’ ಎಂಬ ಸಾಲನ್ನು ಹುಡುಕಿ ಓದಿ, ಎಷ್ಟೋ ಕಡೆ ಸೇರಿರುವುದಿಲ್ಲ. ಆದರೆ ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ರೈಲು, ದೋಣಿ, ಸೈಕಲ್ ಎಂದು ಅವರನ್ನು ಎಳೆದಾಡಬೇಡಿ. ಆಗಲೂ ಟೂರ್ ಬಸ್ಸಿಗಿಂತ ನಾಲ್ವರು ಸೇರಿ ದಿನಕ್ಕೊಂದು ಕಾರು ಮಾಡಿಕೊಳ್ಳುವುದು ಲೇಸು. ಹೊರಡುವ ಹೊತ್ತು ನಿಮ್ಮ ಕೈಯಲ್ಲಿರುತ್ತದೆ.

ದ್ವೀಪದಲ್ಲಿ ಸೈಕಲ್ಲೋ ಟುಕ್‌ಟುಕ್ಕೋ ಎಂಬುದನ್ನು ತಿಂಗಳು ತೀರ್ಮಾನಿಸುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಸೈಕಲ್. ಮಾರ್ಚ್‌ನಿಂದ ಮೇ ತನಕ ಗಂಟೆ ಲೆಕ್ಕದ ಟುಕ್‌ಟುಕ್, ಗಂಟೆಗೆ 200-300 ಬಾತ್. ಎಷ್ಟು ಗಂಟೆ, ಯಾವ ಯಾವ ಜಾಗ ಎಂಬುದನ್ನು ಹತ್ತುವ ಮೊದಲೇ ನಕ್ಷೆಯ ಮೇಲೆ ಬೆರಳಿಟ್ಟು ಒಪ್ಪಿಸಿಕೊಳ್ಳಿ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನದಿ ಉಕ್ಕುವ ಕಾಲ, ಹೊರಡುವ ಮುನ್ನ ಸುದ್ದಿ ನೋಡಿ.

ಎಲ್ಲ ದೇವಾಲಯ ನೋಡುತ್ತೇನೆ ಎಂಬ ಹಟ ಬೇಡ. ಮೂರಕ್ಕೆ ಟಿಕೆಟ್ ತೆಗೆದುಕೊಳ್ಳಿ, ಎರಡನ್ನು ಪುಕ್ಕಟೆ ನೋಡಿ. ಮೊದಲು ವಾತ್ ಮಹಾತಾತ್ (ಮಹಾಧಾತು), ಮರದ ಬೇರುಗಳ ಹೆಣಿಗೆಯಲ್ಲಿ ಸಿಕ್ಕಿಕೊಂಡ ಬುದ್ಧನ ತಲೆ ಇರುವುದು ಇಲ್ಲೇ. ಫೋಟೋಗೆ ಅದರ ಪಕ್ಕ ನಿಲ್ಲುವ ಹಾಗಿಲ್ಲ, ನಿಮ್ಮ ತಲೆ ಬುದ್ಧನ ತಲೆಗಿಂತ ಕೆಳಗಿರುವಂತೆ ಕುಕ್ಕರುಗಾಲಲ್ಲಿ ಕೂರಬೇಕು. ಎದುರು ರಸ್ತೆಯಲ್ಲೇ ವಾತ್ ರಾಚಬುರಾನ. ಜನ ಹೊರಗಿಂದ ನೋಡಿ ಹೊರಟುಬಿಡುತ್ತಾರೆ. ಗೋಪುರ ಹತ್ತಿ ಒಳಗಿನ ಕಡಿದಾದ ಮೆಟ್ಟಿಲು ಇಳಿದರೆ ಮಾಸಿದ ಭಿತ್ತಿಚಿತ್ರಗಳಿರುವ ನೆಲಮಾಳಿಗೆ ಇದೆ. ಅಲ್ಲಿ ಸಿಕ್ಕ ಚಿನ್ನ ಈಗ ಚಾವೊ ಸಾಮ್ ಫ್ರಾಯಾ ಮ್ಯೂಸಿಯಂನಲ್ಲಿದೆ. ಮೂರನೆಯದು ಮೂರು ಸ್ತೂಪಗಳ ವಾತ್ ಫ್ರಾ ಸಿ ಸನ್‌ಪೇತ್. ‘ಸಿ ಸನ್‌ಪೇತ್’ ಎಂದರೆ ಶ್ರೀ ಸರ್ವಜ್ಞ. ಅದರ ಮಗ್ಗುಲಿನ ಮೊಂಗ್‌ಖೋನ್ ಬೋಫಿತ್ ವಿಹಾರಕ್ಕೂ, ಪಶ್ಚಿಮಕ್ಕಿರುವ ವಾತ್ ಲೋಕಯಸುಥಾರಾಮ್‌ನ ಮಲಗಿದ ಬುದ್ಧನಿಗೂ ಶುಲ್ಕವಿಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಂಡಿರಿ.

ವಿದೇಶಿಯರಿಗೆ ಒಂದೊಂದು ಗೇಟಿಗೆ ಬಹುಕಾಲ 50 ಬಾತ್ ಇತ್ತು, ಏರಿಕೆಯನ್ನೂ ಸೇರಿಸಿ 80ರಂತೆ ಎತ್ತಿಡಿ. ಆರು ಜಾಗಗಳ ಜಂಟಿ ಟಿಕೆಟ್ ನೋಡಲು ಅಗ್ಗ ಎನಿಸುತ್ತದೆ, ಕೊಳ್ಳುವ ಮೊದಲು ನೀವು ನೋಡುವ ಜಾಗಗಳ ಬಿಡಿ ಟಿಕೆಟ್ಟಿನ ಮೊತ್ತದ ಜೊತೆ ಹೋಲಿಸಿ. ನದಿಯಾಚೆಯ ವಾತ್ ಚಾಯ್‌ವತ್ತನಾರಾಮ್ (ಜಯವರ್ಧನಾರಾಮ) ಸಂಜೆ ಬೆಳಕಿಗೆ ಬಲು ಚೆಂದ. ಆದರೆ ಅದು ನಿಲ್ದಾಣಕ್ಕೆ ಊರಿನ ಇನ್ನೊಂದು ತುದಿ. ಸೂರ್ಯಾಸ್ತ ನೋಡಿ ಸೈಕಲ್ ಒಪ್ಪಿಸಿ ರೈಲು ಹಿಡಿಯುವುದು ಒಂದೇ ದಿನದಲ್ಲಿ ಕೂಡಿಬರುವುದು ಕಷ್ಟ.

ಊಟಕ್ಕೆ ಸಸ್ಯಾಹಾರಿಗಳು ಕಲಿಯಬೇಕಾದ ಪದ ‘ಮಂಗ್‌ಸವಿರತ್’. ಬಿಡಿಸಿದರೆ ಮಾಂಸ-ವಿರತಿ, ಮರೆಯುವ ಪ್ರಶ್ನೆಯೇ ಇಲ್ಲ. ಅದರ ಜೊತೆಗೆ ‘ಮಾಯ್ ಸಾಯ್ ನಾಮ್ ಪ್ಲಾ’, ಮೀನಿನ ಸಾಸ್ ಹಾಕಬೇಡಿ, ಎಂದೂ ಸೇರಿಸಿ. ಬರೀ ತರಕಾರಿ ಹುರಿದರೂ ಮೀನಿನ ಸಾಸ್ ಬೀಳುವ ಅಡುಗೆಮನೆ ಅದು. ಬೆಳ್ಳುಳ್ಳಿ ಈರುಳ್ಳಿಯೂ ಬೇಡದವರು ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿ ಹುಡುಕಿ.

ಊರಿನ ಸ್ವಂತ ತಿಂಡಿ ರೋಟಿ ಸಾಯ್ ಮಾಯ್. ಊ ಥೋಂಗ್ ರಸ್ತೆಯಲ್ಲಿ ಆಸ್ಪತ್ರೆಯ ಎದುರು ಸಾಲು ಅಂಗಡಿಗಳಿವೆ. ಅಂಗೈಯಗಲದ, ಒಂದರ ಹಿಂದೆ ಇನ್ನೊಂದು ಕಾಣುವಷ್ಟು ತೆಳ್ಳಗಿನ ಹಸಿರು ರೊಟ್ಟಿ ಒಂದು ಪೊಟ್ಟಣ, ಬೊಂಬಾಯಿ ಮಿಠಾಯಿಯಂಥ ಸಕ್ಕರೆ ನೂಲು ಇನ್ನೊಂದು ಪೊಟ್ಟಣ. ರೊಟ್ಟಿ ಒಂದನ್ನು ಬಿಡಿಸಿ, ಚಿಟಿಕೆ ನೂಲು ಉದ್ದಕ್ಕೆ ಹಾಸಿ, ಬೀಡಾದಂತೆ ಸುತ್ತಿ ಬಾಯಿಗಿಡಬೇಕು. ಪೊಟ್ಟಣ ಬಿಚ್ಚಿಟ್ಟರೆ ಸೆಕೆಗೆ ನೂಲೆಲ್ಲ ಕರಗಿ ಬೆಲ್ಲದ ಮುದ್ದೆ. ತಿನ್ನುವಷ್ಟೇ ಬಿಚ್ಚಿ.

ರೈಲಿನ ದಾರಿಯ ಒಟ್ಟು ಲೆಕ್ಕ ಬಾತ್‌ಗಳಲ್ಲಿ: ಎಂಆರ್‌ಟಿ ಎರಡೂ ಕಡೆ 80, ರೈಲು 40, ದೋಣಿ 20, ಸೈಕಲ್ 60, ಮೂರು ಗೇಟು 240, ಊಟ-ನೀರು-ತಿಂಡಿ 230. ಒಟ್ಟು 670. ವ್ಯಾನಾದರೆ ಇದಕ್ಕೆ ನೂರು ನೂರೈವತ್ತು ಸೇರಿಸಿ. ನಾನು ಬೆಳಿಗ್ಗೆ ಐದಕ್ಕೇ ಏಳುವವನು, ಸೆಕೆಗೆ ಅಂಜುವವನಲ್ಲ, ಕಿಟಕಿ ತೆರೆದಿರಬೇಕು ಎನ್ನುವವನು. ಹಾಗಾಗಿ ಈ ಹೋಲಿಕೆಯಲ್ಲಿ ರೈಲು ಗೆದ್ದದ್ದು ಆಶ್ಚರ್ಯವಲ್ಲ. ಎಂಟಕ್ಕೆ ಎದ್ದು ಒಂಬತ್ತಕ್ಕೆ ಕಾಫಿ ಕುಡಿಯುವ ಮನೆಯವರಿಗೆ ವ್ಯಾನೇ ಸರಿ, ಪ್ಯಾಸೆಂಜರ್ ಗಾಡಿಗಳ ನಡುವಿನ ಅಂತರ ಅವರನ್ನು ಕಾಯುವುದಿಲ್ಲ.

ಅಯುತ್ಥಯಾದಲ್ಲಿ ಇಳಿದೊಡನೆ ಮಾಡಬೇಕಾದ ಮೊದಲ ಕೆಲಸ, ಬ್ಯಾಂಕಾಕ್ ಕಡೆಗಿನ ಗಾಡಿಗಳ ಬೋರ್ಡಿನ ಫೋಟೋ ತೆಗೆಯುವುದು. ಸಂಜೆ ಚಿಯಾಂಗ್ ಮೈ, ನೋಂಗ್ ಖಾಯ್ ಕಡೆಯಿಂದ ನೂರಾರು ಕಿಲೋಮೀಟರ್ ಓಡಿ ಬರುವ ಗಾಡಿಗಳು ತಡವಾಗುವುದು ಮಾಮೂಲಿ. 300ರ ಸರಣಿಯವು ಹತ್ತಿರದ ಊರುಗಳಿಂದಲೇ ಹೊರಡುವುದರಿಂದ ತಡವಾದರೂ ಕಡಿಮೆ. ನಿಮಗೆ ಬೇಕಾದ ಗಾಡಿಯ ಹಿಂದಿನದಕ್ಕೇ ಗುರಿಯಿಡಿ, ತಪ್ಪಿದರೆ ಮುಂದಿನದೊಂದು ಇರುತ್ತದೆ. ಹತ್ತುವಾಗ ಸಂಖ್ಯೆ ಇನ್ನೊಮ್ಮೆ ನೋಡಿಕೊಳ್ಳಿ: 2 ಅಥವಾ 3ರ ಸರಣಿಯದಾದರೆ ಹುವಾ ಲಂಪೋಂಗ್‌ಗೆ, ಒಂದರ ಸರಣಿಯದೋ ಎರಡಂಕಿಯದೋ ಆದರೆ ಅಫಿವತ್‌ಗೆ. ಎರಡರ ನಡುವೆ ಮೆಟ್ರೋದಲ್ಲಿ ಅರ್ಧ ಗಂಟೆಯ ದಾರಿ.